ನಮ್ಮ ಭಾವನೂ ಹಿಂದಕ್ಕೆ ಹರಿಯುವ ನೀರೂ

ನಮ್ಮ ಭಾವ ಯಾರ ಮನೆಗೆ ಹೋದರೂ ಮೊದಲು ಮಾತಾಡಿಸುವುದು ಮನೆಯವರನ್ನಲ್ಲ, ನಲ್ಲಿಯನ್ನು! ಕಾಲು ತೊಳೆಯುವ ನೆಪದಲ್ಲಿ ನೆಟ್ಟಗೆ ಹಿತ್ತಲಿಗೆ ಹೋಗುತ್ತಾರೆ. ಪೈಪು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ನಡುವೆ ವಾಲ್ವ್ ಇದೆಯೋ ಇಲ್ಲವೋ, ಇದ್ದರೆ ತಿರುಗುತ್ತದೋ ಇಲ್ಲಾ ತುಕ್ಕು ಹಿಡಿದು ಕೂತಿದೆಯೋ, ಇಷ್ಟನ್ನೂ ವಿಚಾರಿಸಿಕೊಂಡ ಮೇಲೆಯೇ ಒಳಗೆ ಬಂದು "ಎಲ್ಲಾರೂ ಚೆನ್ನಾಗಿದ್ದೀರಾ?" ಅನ್ನುವುದು. ಸಾವಿನ ಮನೆಗೆ ಹೋದರೂ ಇದೇ ಕ್ರಮ. ಒಮ್ಮೆ ತಂದೆಯನ್ನು ಕಳೆದುಕೊಂಡು ಅಳುತ್ತಿದ್ದವನ ಹೆಗಲ ಮೇಲೆ ಕೈಯಿಟ್ಟು, "ಅಳ್ಬ್ಯಾಡ ಕಣಪ್ಪ, ವಯಸ್ಸಾಗಿತ್ತು, ಒಂಟೋದ್ರು. ಆದ್ರೆ ನಿಮ್ಮಟ್ಟಿ ಗೇಟ್ ವಾಲ್ವ್‌ಗೆ ಇನ್ನೂ ವಯಸ್ಸಾಗಿಲ್ಲ, ಈಗ್ಲೇ ಸೋರ್ತಾ ಅದ" ಎಂದರು. ಪಾಪ, ಅವನಿಗೆ ಅಳಬೇಕೋ ನಗಬೇಕೋ ತಿಳಿಯದೆ ಬಿಕ್ಕಳಿಕೆ ಹತ್ತಿಕೊಂಡಿತು.

ಇಂಥವರ ಹೆಂಡತಿಯ ತಮ್ಮನಾಗಿ ಹುಟ್ಟುವುದು ಎಂಥ ಪುಣ್ಯ ಎಂದು ನೀವೇ ಯೋಚಿಸಿ! ನಾನು ತಾಳವಾಡಿಯ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಜೆರಾಕ್ಸ್ ಅಂಗಡಿ ಇಟ್ಟುಕೊಂಡು ಮಾನವಾಗಿ ಬದುಕುತ್ತಿರುವವನು. ಅಕ್ಕನನ್ನು ಕೊಟ್ಟಿರುವುದು ದೊಡ್ಡಗಾಜನೂರಿಗೆ. ಅವರಿಗೆ ಭಾಗ್ಯ ಎಂಬ ಒಬ್ಬಳೇ ಮಗಳು. ಆ ಹುಡುಗಿ ತಾನೇ ನೋಡಿ, ತಾನೇ ಮೆಚ್ಚಿ, ಅಳೆದು ಸುರಿದು ಒಪ್ಪಿಕೊಂಡಿದ್ದ ಸಂಬಂಧವನ್ನು ನಮ್ಮ ಭಾವ ಒಂದು ಚೊಂಬು ನೀರಿನ ಕಾರಣಕ್ಕೆ ಮುರಿದೇಬಿಟ್ಟಿದ್ದರು. ಅದನ್ನು ಹೇಳೋಣವೆಂದೇ ಈಗ ಕೂತಿದ್ದೇನೆ. ಆದರೆ ಭಾವನ ಪರಿಚಯವಿಲ್ಲದೆ ಅದನ್ನು ಹೇಳಿದರೆ ನೀವು ನಂಬುವುದಿಲ್ಲ. ಕಣ್ಣಾರೆ ನೋಡಿದ ನನಗೇ ನಂಬಲು ಕಷ್ಟವಾಗಿತ್ತು.

ಈ ವಾಲ್ವಿನ ಗ್ರಹಚಾರ ಅವರಿಗೆ ಅಂಟಿದ್ದು ಬೆಟ್ಟದ ಕೆಳಗೆ. ದಿಂಬಂ ಘಾಟಿ ಇಳಿದರೆ ಸಿಗುವ ಬಯಲಿನಲ್ಲಿ ಒಂದು ನೂಲಿನ ಮಿಲ್ಲಿದೆ. ಹತ್ತಿ ಅಂದಮೇಲೆ ಬೆಂಕಿಯ ಭಯ ಇದ್ದೇ ಇದೆ. ಅದಕ್ಕೇ ಚಾವಣಿಯ ತುಂಬ ಪೈಪು ಎಳೆದು, ಅಲ್ಲಲ್ಲಿ ಸ್ಪ್ರಿಂಕ್ಲರ್ ಕೂರಿಸಿದ್ದಾರೆ. ಬೆಂಕಿ ಬಿದ್ದು ಕಾವು ಏರಿದರೆ ಅದರಲ್ಲಿರುವ ಪುಟ್ಟ ಗಾಜಿನ ಗುಳಿಗೆ ಪಟ್ಟನೆ ಒಡೆದು ಮೇಲಿಂದ ನೀರು ಸುರಿಯುತ್ತದೆ. ಆ ನೀರಿನ ವಾಲ್ವ್‌ಗಳನ್ನು ನೋಡಿಕೊಳ್ಳುವುದು ನಮ್ಮ ಭಾವನ ಕೆಲಸ. ಅವುಗಳನ್ನು ಯಾರೂ ಮುಚ್ಚದಂತೆ ಸರಪಳಿ ಬಿಗಿದು ಬೀಗ ಹಾಕಬೇಕು. ಆಗಾಗ ಬೀಗ ತೆಗೆದು, ಪೂರ್ತಿ ಮುಚ್ಚಿ, ಪೂರ್ತಿ ತೆರೆದು, ಗ್ರೀಸ್ ಬಳಿದು, ಮತ್ತೆ ಬೀಗ ಜಡಿದು, 'ತೆರೆದಿದೆ' ಎಂಬ ಚೀಟಿ ತೂಗುಹಾಕಬೇಕು. ಕೆಲಸಕ್ಕೆ ಸೇರಿದಂದಿನಿಂದ ನಿವೃತ್ತಿಯಾಗುವವರೆಗೆ ಭಾವ ಇದನ್ನೇ ಮಾಡಿದರು. ಅಷ್ಟು ಕಾಲದಲ್ಲಿ ಆ ಮಿಲ್ಲಿನಲ್ಲಿ ಒಂದು ಕಿಡಿಯೂ ಬೀಳಲಿಲ್ಲ.

"ಒಂದ್ಸಲಾನಾದ್ರೂ ಬಿದ್ದಿದ್ರೆ ನೋಡ್ಬೇಕಿತ್ತು ಕಣ್ಲಾ ನಮ್ ನೀರ್‌ನ!" ಎಂದು ಒಮ್ಮೆ ಕಣ್ಣರಳಿಸಿ ಹೇಳಿದವರು, ಮರುಕ್ಷಣವೇ "ಬುಡ್ತು ಅನ್ನು, ಬುಡ್ತು ಅನ್ನು" ಎಂದು ಕೆನ್ನೆ ಬಡಿದುಕೊಂಡರು. ತಮ್ಮ ಕೆನ್ನೆಯಲ್ಲ, ನನ್ನದು.

ಆದರೆ ಅವರ ನಿಜವಾದ ಶತ್ರು ಬೆಂಕಿಯಲ್ಲ, ಹಿಂದಕ್ಕೆ ಹರಿಯುವ ನೀರು. ಒಮ್ಮೆ ನನ್ನನ್ನು ಮಿಲ್ಲಿಗೆ ಕರೆದುಕೊಂಡು ಹೋಗಿ, ಬುಡದ ನಲ್ಲಿ ತಿರುಗಿಸಿ, ಸ್ಪ್ರಿಂಕ್ಲರ್ ಪೈಪಿನೊಳಗೆ ವರ್ಷಗಟ್ಟಲೆ ನಿಂತ ನೀರನ್ನು ತೋರಿಸಿದ್ದರು. ಅಬ್ಬಬ್ಬಾ! ಕಾಡಿಗೆಯಂಥ ಬಣ್ಣ, ಕೊಳೆತ ಮೊಟ್ಟೆಯ ನಾತ. ನಾನು ಅಂದು ಮಧ್ಯಾಹ್ನದ ಊಟ ಬಿಟ್ಟೆ.

"ಕುಡ್ಯೋ ನೀರ್ ಬರೋದೂ ಇದೇ ಲೈನಲ್ಲಿ ಕಣ್ಲಾ. ಮುಂದ್ಗಡೆ ಜೋರು ಕಮ್ಮಿಯಾಯ್ತು ಅಂತ ಇಟ್ಕೊ, ಈ ನೀರು ಇಂದಕ್ಕೆ ಓಯ್ತದ. ಇಂದಕ್ಕೆ ಓದ್ರೆ ಕೂಲಿಯವ್ರ ಲೋಟಕ್ಕೇ ಓಯ್ತದ. ಅದ್ಕೇ ನಡುವೆ ನಾನ್ ರಿಟರ್ನ್ ವಾಲ್ವ್. ಒಳಗೊಂದು ಕದ ಅದ. ಮುಂದಕ್ಕೆ ತಳ್ಳುದ್ರೆ ತೆಕ್ಕತದ, ಇಂದಕ್ಕೆ ತಳ್ಳುದ್ರೆ ಮುಚ್ಕತದ. ಎಂಥ ಬುದ್ಧಿ ನೋಡು ಅದುಕ್ಕೆ! ನಿಂಗೂ ಇಲ್ಲ ಅಂಥ ಬುದ್ಧಿ."

ಹೀಗೆ ಒಂದು ಕಬ್ಬಿಣದ ತುಂಡಿನ ಮುಂದೆ ನನ್ನನ್ನು ಇಳಿಸಿ ಮಾತಾಡುವುದು ಅವರಿಗೆ ಬಹಳ ಇಷ್ಟ.

ನಿವೃತ್ತರಾಗಿ ಊರಿಗೆ ಬಂದರಲ್ಲ, ಆಗ ಶುರುವಾಯಿತು ಅಕ್ಕನ ಕಷ್ಟ. ಮಿಲ್ಲಿನ ಕಾನೂನೆಲ್ಲ ಮನೆಗೆ ಬಂತು. ತೊಟ್ಟಿಯ ಬುಡದ ವಾಲ್ವಿಗೆ ಸರಪಳಿ, ಬೀಗ, ಚೀಟಿ. ಬಚ್ಚಲಿನ ನಲ್ಲಿಗೊಂದು ಚೀಟಿ. ಗ್ಯಾಸ್ ಸಿಲಿಂಡರಿಗೂ ಒಂದು ಚೀಟಿ. ಒಂದು ದಿನ ನಾನು ಅವರ ಮನೆಯಲ್ಲಿ ತಲೆಗೆ ಸೀಗೆಪುಡಿ ಮೆತ್ತಿಕೊಂಡು, ಮುಖಕ್ಕೆಲ್ಲ ಸೋಪು ಬಳಿದುಕೊಂಡು ಕೂತಿದ್ದೇನೆ, ನೀರು ನಿಂತುಹೋಯಿತು!

"ಬಾವ! ನೀರು! ಕಣ್ಣು ಉರೀತದೆ!"

"ತಡ್ಕಳ್ಲಾ, ವಾಲ್ವ್‌ಗೆ ವ್ಯಾಯಾಮ ಮಾಡುಸ್ತಾ ಇವ್ನಿ. ಇವತ್ತು ಶುಕ್ರವಾರ ಅಲ್ವಾ?"

ಶುಕ್ರವಾರ ಜಗತ್ತಿನ ಹೆಣ್ಣುಮಕ್ಕಳೆಲ್ಲ ಹೊಸ್ತಿಲಿಗೆ ಅರಿಸಿನ ಬಳಿದರೆ ನಮ್ಮ ಭಾವ ವಾಲ್ವಿಗೆ ಗ್ರೀಸ್ ಬಳಿಯುತ್ತಾರೆ. ನಾನು ಕಣ್ಣು ಮುಚ್ಚಿಕೊಂಡೇ ಬಚ್ಚಲಿನ ಗೋಡೆ ತಡವಿ ಟವೆಲ್ಲು ಹುಡುಕಿ ಮುಖ ಒರೆಸಿಕೊಂಡೆ. ಆಮೇಲೆ ಗೊತ್ತಾಯಿತು, ಅದು ಅವರ ಗ್ರೀಸಿನ ಬಟ್ಟೆ.

ಕಾಫಿ ಕುಡಿಯುವುದರಲ್ಲೂ ಅವರದು ಇದೇ ಹಟ. ನಾವೆಲ್ಲ ಬಿಸಿ ಆರಲೆಂದು ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಹೊಯ್ಯುತ್ತೇವೆ ತಾನೆ? ಭಾವನಿಗೆ ಅದನ್ನು ನೋಡಿದರೆ ಮೈಯೆಲ್ಲ ಉರಿ. "ಬಂದ ಕಾಫೀನ ಇಂದಕ್ಕೆ ಕಳಿಸ್ತೀಯಲ್ಲ, ನಿಂಗೇನಾದ್ರೂ ಗ್ಯಾನ ಅದಾ?" ಎಂದು ಗದರಿ, ತಾವು ಮಾತ್ರ ಕುದಿಯುವ ಕಾಫಿಯನ್ನು ಹಾಗೇ ಗಂಟಲಿಗೆ ಸುರಿದುಕೊಂಡು ಕಣ್ಣಲ್ಲಿ ನೀರು ತಂದುಕೊಳ್ಳುತ್ತಾರೆ.

ಹೋದ ದೀಪಾವಳಿಗೆ ಅಕ್ಕನಿಗೆ ಸೀರೆ ತೆಗೆಯಲು ಕೆಳಗಿನ ದೊಡ್ಡ ಊರಿಗೆ ಹೋಗಿದ್ದೆವು. ಮಹಡಿ ಮೇಲೆ ಮಹಡಿ ಇರುವ ಬಟ್ಟೆ ಅಂಗಡಿ. ಒಳಗೆ ಕಾಲಿಟ್ಟವರೇ ಭಾವ ತಲೆಯೆತ್ತಿ ಚಾವಣಿ ನೋಡಿದರು. ಸ್ಪ್ರಿಂಕ್ಲರ್! ಅಷ್ಟೇ, ಕತ್ತು ಇಳಿಯಲಿಲ್ಲ. ಚಾವಣಿ ನೋಡುತ್ತಲೇ ನಡೆದರು, ನೋಡುತ್ತಲೇ ಮೆಟ್ಟಿಲು ಹತ್ತಿದರು, ನೋಡುತ್ತಲೇ ಹೋಗಿ ಸೀರೆಯುಟ್ಟ ಬೊಂಬೆಯೊಂದಕ್ಕೆ ಡಿಕ್ಕಿ ಹೊಡೆದು "ಮನ್ನಿಚ್ಚಿಡುಂಗಮ್ಮಾ" ಎಂದು ತಮಿಳಿನಲ್ಲಿ ಕ್ಷಮೆ ಕೇಳಿದರು. ಅಂಗಡಿಯವರಿಗೆ ಯಾರೋ ದೊಡ್ಡ ಆಫೀಸರು ತಪಾಸಣೆಗೆ ಬಂದಿದ್ದಾರೆ ಅನ್ನಿಸಿರಬೇಕು. ಮ್ಯಾನೇಜರ್ ಓಡಿ ಬಂದು, "ವಾಂಗ ಸಾರ್" ಎಂದು ಕುರ್ಚಿ ಹಾಕಿಸಿ, ಜ್ಯೂಸ್ ತರಿಸಿದ. ಭಾವ ಗಂಭೀರವಾಗಿ ತಮಿಳಿನಲ್ಲೇ "ಕಂಟ್ರೋಲ್ ವಾಲ್ವ್ ಎಲ್ಲಿದೆ, ತೋರಿಸಿ" ಎಂದರು. ಅವನು ನಡುಗುತ್ತಾ ನೆಲಮಾಳಿಗೆಗೆ ಕರೆದುಕೊಂಡು ಹೋದ. ನಾನು ಇವತ್ತು ಇಬ್ಬರೂ ಒದೆ ತಿನ್ನುವುದು ಖಂಡಿತ ಎಂದುಕೊಂಡು ಹಿಂದೆ ಹೋದೆ.

ಅಲ್ಲಿ ನೋಡಿದರೆ ವಾಲ್ವು ಕೆಂಪು ಬಣ್ಣದಲ್ಲಿ ಲಕಲಕ ಹೊಳೆಯುತ್ತಿದೆ! ಸರಪಳಿಯಿದೆ, ಬೀಗವಿದೆ, ಚೀಟಿಯಿದೆ, ಗ್ರೀಸ್ ಇದೆ. ಭಾವ ಅದನ್ನು ಎಮ್ಮೆಕರುವನ್ನು ಸವರುವ ಹಾಗೆ ಸವರಿದರು. ಮೇಲೆ ಬಂದವರೇ ಅಕ್ಕನ ಮುಂದೆ ಹರಡಿದ್ದ ರಾಶಿಯಲ್ಲಿ ಕೈಗೆ ಸಿಕ್ಕಿದ ಮೊದಲ ಸೀರೆ ಎತ್ತಿ, "ಇದ್ನೇ ತಕ್ಕ. ಇಂಥ ವಾಲ್ವ್ ಮಡಗಿರೋರು ಕೆಟ್ಟ ಸೀರ ಮಾರಾಕಿಲ್ಲ" ಎಂದರು. ಆ ಸೀರೆ ಮೊದಲ ಒಗೆತಕ್ಕೇ ಬಣ್ಣ ಬಿಟ್ಟು ಅಕ್ಕನ ಲಂಗ, ಭಾವನ ಪಂಚೆ, ನಾನು ಅಲ್ಲಿ ಮರೆತು ಬಂದಿದ್ದ ಬನಿಯನ್ನು, ಎಲ್ಲವನ್ನೂ ನೇರಳೆ ಮಾಡಿತು.

ಇನ್ನು ಭಾಗ್ಯಳ ವಿಷಯಕ್ಕೆ ಬರುತ್ತೇನೆ.

ಭಾಗ್ಯ ಚಾಮರಾಜನಗರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ದಿನಾ ಬಸ್ಸು. ಅದೇ ಬಸ್ಸಿಗೆ ಗೆಟ್ಟವಾಡಿಯಲ್ಲಿ ಕುಮಾರ ಹತ್ತುತ್ತಿದ್ದ. ಎಲೆಕೋಸು, ಟೊಮೇಟೊ ಬೆಳೆಯುವ ಹುಡುಗ, ಮಾತು ಕಡಿಮೆ, ನಗು ಜಾಸ್ತಿ. ಇಬ್ಬರಿಗೂ ಮನಸ್ಸಾಗಿದೆ ಎಂಬ ಸುದ್ದಿಯನ್ನು ಅವಳು ಮೊದಲು ಹೇಳಿದ್ದು ನನಗೆ, ಜೆರಾಕ್ಸ್ ಮೆಷಿನ್ನಿನ ಸದ್ದಿನ ನಡುವೆ. ಎರಡೂ ಕಡೆ ಹಿರಿಯರು ಒಪ್ಪಿದರು. ಇನ್ನು ಉಳಿದದ್ದು ನಾವು ಗಂಡಿನ ಮನೆ ನೋಡಲು ಹೋಗುವ ಶಾಸ್ತ್ರ ಒಂದೇ.

ನಮ್ಮ ಕಡೆ ಇದಕ್ಕೊಂದು ಪದ್ಧತಿ ಇದೆ. ಹೆಣ್ಣಿನ ಕಡೆಯವರು ಹೋಗಿ ಕೂತ ಕೂಡಲೆ ಚೊಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದಿಡುತ್ತಾರೆ. ಹೆಣ್ಣಿನ ತಂದೆ ಬೆಲ್ಲ ಕಚ್ಚಿ ನೀರು ಕುಡಿದರೆ ಸಂಬಂಧ ಒಪ್ಪಿಗೆ ಎಂದರ್ಥ. ನೀರು ಮುಟ್ಟದೆ ಎದ್ದರೆ, 'ನಿಮ್ಮ ಮನೆ ನಮಗೆ ಬೇಡ' ಎಂದು ಮುಖಕ್ಕೆ ಹೊಡೆದ ಹಾಗೆ. ಬಾಯಿಬಿಟ್ಟು ಏನೂ ಹೇಳಬೇಕಾಗಿಲ್ಲ.

ಹೊರಡುವ ಬೆಳಗ್ಗೆ ಭಾಗ್ಯ ಅಪ್ಪನನ್ನು ಎದುರಿಗೆ ಕೂರಿಸಿಕೊಂಡಳು. "ಅಪ್ಪ, ನಿನ್ ಕಾಲಿಗ್ ಬೀಳ್ತಿನಿ. ಅಲ್ಲಿ ಓಗಿ ನೀರು, ಪೈಪು, ವಾಲ್ವು ಅಂತ ಒಂದ್ ಮಾತು ಆಡ್ಕೂಡ್ದು. ಆಡುದ್ರೆ ನನ್ ಮ್ಯಾಲ್ ಆಣೆ."

"ಆಯ್ತು ಕಣವ್ವ. ಬಾಯೇ ಬುಡಾಕಿಲ್ಲ."

ಅಕ್ಕ ಅಷ್ಟಕ್ಕೇ ನಂಬಲಿಲ್ಲ. ಅವರ ಜೇಬು ತಡವಿ ಸ್ಪ್ಯಾನರ್ ಕಸಿದುಕೊಂಡಳು. "ಮಾವ, ನೀನೇ ನೋಡ್ಕ" ಎಂದು ಭಾಗ್ಯ ನನ್ನ ಕೈ ಹಿಡಿದುಕೊಂಡಾಗ ಅವಳ ಕೈ ತಣ್ಣಗಿತ್ತು. ದಿನಾ ಮಂದಿಯ ರಕ್ತ ತೆಗೆಯುವ ಹುಡುಗಿ, ಅವತ್ತು ತಾನೇ ಸೂಜಿ ಚುಚ್ಚಿಸಿಕೊಳ್ಳುವವಳಂತೆ ಬಿಳಿಚಿಕೊಂಡಿದ್ದಳು.

ಗೆಟ್ಟವಾಡಿಯಲ್ಲಿ ಎಲ್ಲ ಸರಿಯಾಗಿಯೇ ನಡೆಯಿತು. ಭಾವ ಹಿತ್ತಲಿಗೆ ಹೋಗಲಿಲ್ಲ. ಜಗಲಿಯ ಮೇಲೆ ಕೈಕಟ್ಟಿ ಕೂತರು. ಕುಮಾರನ ಅವ್ವ, ಅವನ ಅಜ್ಜಿ ಇಬ್ಬರೂ ಬಂದು ಮಾತಾಡಿಸಿದರು. ಆಗ ಕರೆಂಟು ಹೋಯಿತು, ಮನೆಗೆಲ್ಲ ನೀರು ತಳ್ಳುತ್ತಿದ್ದ ಮೋಟಾರೂ ನಿಂತಿತು. ಹೋದರೆ ಹೋಗಲಿ, ನಮ್ಮ ಕಡೆ ಅದೇನು ಹೊಸದೇ? ಆದರೆ ನಮ್ಮ ಗ್ರಹಚಾರಕ್ಕೆ ಹಿತ್ತಲ ಬಾಗಿಲು ತೆರೆದಿತ್ತು, ಭಾವ ಅದರ ಎದುರಿಗೇ ಕೂತಿದ್ದರು. ಎತ್ತರದ ಹಿತ್ತಲಿನಲ್ಲಿ ಒಳಗಿನ ನೀರು ಹೊರಕ್ಕೆ ಕಾಣುವಂಥ ಒಂದು ತೆಳು ನೀಲಿ ಡ್ರಮ್ಮು, ಎಲೆಕೋಸಿಗೆ ಔಷಧಿ ಕಲಸುವುದು. ಅದಕ್ಕೆ ನೀರು ಬಿಟ್ಟ ರಬ್ಬರ್ ಪೈಪಿನ ತುದಿ ಡ್ರಮ್ಮಿನ ತಳದವರೆಗೆ ಮುಳುಗಿತ್ತು. ನಮ್ಮಲ್ಲಿ ಎಲ್ಲರೂ ಹಾಗೇ ಬಿಡುವುದು. ಮೇಲಿಂದ ಬಿಟ್ಟರೆ ಔಷಧಿ ನೊರೆಯುಕ್ಕಿ ಚೆಲ್ಲುತ್ತದಲ್ಲ! ಇತ್ತ ತಗ್ಗಿನ ಅಡುಗೆಮನೆಯಲ್ಲಿ ಯಾರೋ ಚೊಂಬು ಹಿಡಿದು ನಲ್ಲಿ ತಿರುಗಿಸಿದರು. ಅತ್ತ ಡ್ರಮ್ಮಿನ ನೀರು ಸರಸರನೆ ಇಳಿಯಿತು. ಭಾವ ಅದನ್ನು ನೋಡಿದರು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ನನಗೆ ಕಂಡದ್ದು ಭಾವನ ಮುಖ ಹುಣಸೆಹಣ್ಣಿನ ಹಾಗಾದದ್ದು ಮಾತ್ರ.

ನೀರು, ಬೆಲ್ಲ ಬಂತು. ನಾನು ಸಂತೋಷದಿಂದ ಚೊಂಬು ಎತ್ತಿದೆ. ಏನೋ ಸಣ್ಣ ವಾಸನೆ. ಹೊಸ ಚೊಂಬಿರಬೇಕು ಎಂದುಕೊಂಡು ಬಾಯಿಗಿಡುವಷ್ಟರಲ್ಲಿ ಭಾವನ ಮೊಣಕೈ ಪಕ್ಕೆಗೆ ಬಡಿಯಿತು. ನೀರೆಲ್ಲ ಅಂಗಿಯ ಮೇಲೆ! ಅಕ್ಕನ ಕೈಯಿಂದಲೂ ಚೊಂಬು ಕಿತ್ತು ಕೆಳಗಿಟ್ಟರು. ತಮ್ಮ ಮುಂದಿದ್ದ ಚೊಂಬನ್ನು ಮುಟ್ಟಲೇ ಇಲ್ಲ. ಬಾಯಿ ಬಿಡುವಂತಿಲ್ಲ, ಮಗಳ ಮೇಲೆ ಆಣೆ! ಚೊಂಬನ್ನೇ ನೋಡುತ್ತಾ, ಬೆವರುತ್ತಾ ಕೂತರು.

"ಯಾಕ್ ಬೀಗ್ರೆ, ನಮ್ಮಟ್ಟಿ ನೀರು ನಿಮ್ಗೆ ಆಗಾಕಿಲ್ವಾ?" ಎಂದರು ಕುಮಾರನ ಅವ್ವ.

ಭಾವ ತಲೆಯಾಡಿಸಿದರು. ಹೌದೆಂದೋ ಅಲ್ಲವೆಂದೋ ಆ ದೇವರಿಗೇ ಗೊತ್ತು. ಅಜ್ಜಿ ಎದ್ದು ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಿತು. ಕುಮಾರ ನಮ್ಮನ್ನು ಬಸ್ಸಿನವರೆಗೆ ಬಿಡಲು ಬಂದ, ಆದರೆ ಅವನ ಮುಖದಲ್ಲಿ ನಗುವಿರಲಿಲ್ಲ. ನಾವು ಮನೆ ಮುಟ್ಟುವ ಮೊದಲೇ 'ಈ ಸಂಬಂಧ ಬೇಡ' ಎಂಬ ಮಾತು ಭಾಗ್ಯಳ ಫೋನಿಗೆ ಮುಟ್ಟಿತ್ತು.

ಮನೆಯಲ್ಲಿ ಭಾವ ಬಾಯಿ ಬಿಟ್ಟು ಡ್ರಮ್ಮಿನ ಕಥೆ ಹೇಳಿದಾಗ ಅಕ್ಕ ಸೌದೆಕೊಳ್ಳಿ ಹುಡುಕಿದಳು. "ಅಲ್ಲೇ ಒಂದ್ ಮಾತು ಯೋಳಾಕೇನಾಗಿತ್ತು ನಿಮ್ಗೆ?"

"ನೀವೇ ಅಲ್ವಾ ನನ್ ಬಾಯ್ಗೆ ಬೀಗ ಆಕಿದ್ದು! ಮಗಳ್ ಮ್ಯಾಲ್ ಆಣೆ ಮುರೀಲಾ? ಇಲ್ಲ, ನನ್ ಮಗಳು ಓಗಿ ಬಾಳೋ ಅಟ್ಟೀಲಿ ಎಲೆಕೋಸಿನ್ ಔಸ್ದಿ ಕುಡ್ದು, ಚೆನ್ನಾಗದ ಅಂದ್ಬುಟ್ಟು ಬರ್ಲಾ?"

ನಿಜ ಹೇಳುತ್ತೇನೆ, ನನಗೆ ಆಗ ಭಾವನ ಮೇಲೆ ಬಂದಷ್ಟು ಕೋಪ ಜನ್ಮದಲ್ಲಿ ಬಂದಿರಲಿಲ್ಲ. ಏಕೆಂದರೆ ಅವರು ಹೇಳುವುದರಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕಿದರೂ ಸಿಗಲಿಲ್ಲ! ಭಾಗ್ಯ ಗೋಡೆಗೆ ಒರಗಿ ಅಳುತ್ತಿದ್ದಳು. ಅವಳು ಊಟ ಮಾಡಲಿಲ್ಲ, ಅವಳು ಮಾಡಲಿಲ್ಲವೆಂದು ಭಾವನೂ ಮಾಡಲಿಲ್ಲ. ಕೊನೆಗೆ ಅವಳೇ ಕಣ್ಣೊರೆಸಿಕೊಂಡು ಬಂದು, "ಆಣೆ ಇಂದಕ್ ತಕ್ಕಂಡಿವ್ನಿ ಅಪ್ಪ. ನಿಂಗೆ ಏನ್ ಗೊತ್ತೋ ಅದ್ನ ಅವ್ರಿಗೂ ತೋರ್ಸು. ನಂಗೆ ಆ ಅಟ್ಟೀನೇ ಬೇಕು" ಎಂದಳು.

ಮರುದಿನ ಮೊದಲ ಬಸ್ಸಿಗೇ ಭಾವ ಹೊರಟರು. ಚೀಲದಲ್ಲಿ ನಾನ್ ರಿಟರ್ನ್ ವಾಲ್ವು, ಪೈಪ್ ರಿಂಚು, ಟೇಪು. ಜೊತೆಗೆ ಅಂಗಡಿ ಮುಚ್ಚಿದ ಈ ಬಡಪಾಯಿ. ಕುಮಾರನ ಅವ್ವ ಬಾಗಿಲಲ್ಲೇ ತಡೆದರು. "ನೀರೇ ಮುಟ್ದೆ ಓದೋರು ಈಗ ಯಾತಕ್ ಬಂದ್ರಿ?"

"ತಾಯಿ, ನಿಮ್ ನೀರ್ ಬ್ಯಾಡ ಅಂತಲ್ಲ. ನಿಮ್ ನೀರು ಇಂದಕ್ಕೆ ಓಯ್ತದ. ಒಂದೇ ಒಂದ್ಸಲ ತೋರುಸ್ತಿನಿ, ಆಮ್ಯಾಲ್ ಓಗು ಅಂದ್ರೆ ಓಯ್ತಿನಿ" ಎಂದು ಕೈಮುಗಿದರು ಭಾವ. ನಮ್ಮ ಭಾವ ಯಾರಿಗೂ ಕೈಮುಗಿದದ್ದನ್ನು ನಾನು ನೋಡಿರಲಿಲ್ಲ.

ಕುಮಾರ ಅವ್ವನನ್ನು ಒಪ್ಪಿಸಿ ಹಿತ್ತಲಿಗೆ ಕರೆದುಕೊಂಡು ಹೋದ. ಭಾವ ಡ್ರಮ್ಮು ಬೇಡವೆಂದು ಮೂಲೆಯಲ್ಲಿದ್ದ ಒಂದು ಖಾಲಿ ಬಕೆಟ್ಟು ಎಳೆದು, ಅದಕ್ಕೆ ನೀರು ಬಿಟ್ಟು, ಒಂದು ಹಿಡಿ ಅರಿಸಿನಪುಡಿ ಹಾಕಿ ಕದಡಿದರು. ಪೈಪಿನ ತುದಿಯನ್ನು ಅದರೊಳಗೆ ಮುಳುಗಿಸಿ, "ಈಗ ಮೋಟ್ರು ನಿಲ್ಸಿ. ಅಡುಗೆಮನೆ ನಲ್ಲಿ ಬುಡಿ. ಅರಿಸ್ನದ ನೀರು ಅಲ್ಲಿ ಅಳದಿಯಾಗಿ ಬರ್ಲಿಲ್ಲ ಅಂದ್ರೆ ನನ್ ಎಸ್ರು ಬದಲಾಯ್ಸಿ" ಎಂದು ಸವಾಲು ಹಾಕಿದರು.

ಎಲ್ಲರೂ ಅಡುಗೆಮನೆಯಲ್ಲಿ ಸೇರಿದೆವು. ಕೋಣೆಯೊಳಗೆ ಮುನಿಸಿಕೊಂಡಿದ್ದ ಅಜ್ಜಿಯೂ ಬಂದು ನಿಂತಿತು. ಮೋಟಾರು ನಿಂತಿತು. ನಲ್ಲಿ ತಿರುಗಿಸಿದರು. ಮೊದಲು ಬಿಳಿ ನೀರು. ಬಿಳಿ ನೀರು. ಬಿಳಿ ನೀರೇ! ಆಮೇಲೆ ಬಣ್ಣ ಬಂತು ನೋಡಿ, ಹಳದಿಯಲ್ಲ, ಕೆಂಪು! ಕುಂಕುಮದಂಥ ಕೆಂಪು!

ಭಾವನೇ ಬಾಯಿ ತೆರೆದುಕೊಂಡು ನಿಂತುಬಿಟ್ಟರು. ಆಮೇಲೆ ತಿಳಿಯಿತು, ಆ ಬಕೆಟ್ಟಿನಲ್ಲಿ ನಾಲ್ಕು ದಿನದ ಹಿಂದೆ, ನಾವು ಬರುತ್ತೇವೆಂದೇ, ಗೋಡೆಗೆ ಬಳಿಯಲು ಸುಣ್ಣ ಕದಡಿದ್ದರಂತೆ; ತಳಕ್ಕೆ ಒಣಗಿ ಹಿಡಿದಿದ್ದ ಅದು ನಾವು ಅಡುಗೆಮನೆಗೆ ಬಂದ ಮೇಲೆ ನೆನೆದು ಕರಗಿತ್ತು. ಸುಣ್ಣಕ್ಕೆ ಅರಿಸಿನ ಬಿದ್ದರೆ ಏನಾಗುತ್ತದೆ ಎಂದು ನಮ್ಮ ಕಡೆಯ ಹೆಂಗಸರಿಗೆ ಹೇಳಿಕೊಡಬೇಕೆ? ಹೊಸ ಸೊಸೆಯನ್ನು ಹೊಸ್ತಿಲಲ್ಲಿ ನಿಲ್ಲಿಸಿ ಎತ್ತುವ ಆರತಿಯ ನೀರು ಅದೇ ತಾನೆ!

ಅಜ್ಜಿ ಎರಡು ಕೈಯನ್ನೂ ತಲೆಯ ಮೇಲಿಟ್ಟು ಕೂಗಿತು. "ಅಮ್ಮಾ ತಾಯಿ! ಆರತಿ ನೀರ್‌ನ ನೀನೇ ಕಲ್ಸಿ ಕಳ್ಸಿದ್ಯಾ ನನ್ನವ್ವ! ಲೇ ಕುಮಾರ, ಈ ಎಣ್ಣೇ ನಮ್ಮಟ್ಟಿ ಸೊಸ ಕಣ್ಲಾ! ಇನ್ನ್ ಯಾರೂ ಎದ್ರು ಮಾತಾಡ್ಕೂಡ್ದು!"

"ಅಂಗಲ್ಲಜ್ಜಿ" ಭಾವ ಗಾಬರಿಯಾದರು, "ಇದು ಬ್ಯಾಕ್ ಫ್ಲೋ. ಕರೆಂಟ್ ಓದಾಗ ಬಕೆಟ್ನ ನೀರು ಪೈಪ್‌ನ ಇಡ್ಕಂಡು..."

"ಯಾವ ಪ್ಲೋನೋ ನಂಗ್ ಗೊತ್ತಿಲ್ಲ ಕಣಪ್ಪ. ತಾಯಿ ಒಪ್ಪವಳ."

"ತಾಯಿ ಅಲ್ಲಜ್ಜಿ, ಸುಣ್ಣ!"

"ಸುಣ್ಣ ಮಡಗ್ದೋರು ಯಾರು? ತಾಯೇ ಅಲ್ವಾ?"

ಭಾವ ನನ್ನ ಕಡೆ ನೋಡಿದರು. ಅಷ್ಟು ವರ್ಷ ಮಿಲ್ಲಿನಲ್ಲಿ ದುಡಿದು, ಕೊನೆಗೊಂದು ದಿನ ಮಂದಿಯ ಮುಂದೆ ಹಿಂದಕ್ಕೆ ಹರಿಯುವ ನೀರನ್ನು ಕಣ್ಣಾರೆ ತೋರಿಸಿದರೆ, ಅದನ್ನು ಪವಾಡ ಅನ್ನುವುದೇ! ಅವರು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ನಾನು ಕೈ ಹಿಡಿದು ಜಗ್ಗಿ ಕಿವಿಯಲ್ಲಿ ಹೇಳಿದೆ, "ಬಾವ, ನಿಮಗೆ ವಾಲ್ವು ಬೇಕೋ, ಮಗಳ ಮದುವೆ ಬೇಕೋ?"

"ಎಲ್ಡೂ ಬೇಕು ಕಣ್ಲಾ" ಎಂದರು, ಮಕ್ಕಳ ಹಾಗೆ.

ಎರಡೂ ಆಯಿತು. ಭಾವ ಹಿತ್ತಲಿನ ನಲ್ಲಿಯ ಬುಡ ಬಿಚ್ಚಿ ವಾಲ್ವು ಕೂರಿಸಿದರು. ಕುಮಾರ ಪಕ್ಕದಲ್ಲೇ ಕೂತು ರಿಂಚು ಹಿಡಿದುಕೊಟ್ಟ. ಮತ್ತೆ ಮೋಟಾರು ಹಾಕಿ ನಿಲ್ಲಿಸಿ ಪರೀಕ್ಷಿಸಿದರು, ಕೆಂಪು ನೀರು ಅಡುಗೆಮನೆಗೆ ಬರಲಿಲ್ಲ. ಪೈಪಿನಲ್ಲಿ ಉಳಿದದ್ದನ್ನೆಲ್ಲ ಬಹಳ ಹೊತ್ತು ಹರಿಸಿ ಚೆಲ್ಲಿದರು. ಡ್ರಮ್ಮಿಗೆ ಪೈಪು ಮುಳುಗಿಸಕೂಡದು, ಮೇಲಿಂದಲೇ ನೀರು ಬೀಳಬೇಕು ಎಂದು ಕುಮಾರನಿಂದ ಭಾಷೆ ತೆಗೆದುಕೊಂಡರು. ಅಷ್ಟರಲ್ಲಿ ಅಜ್ಜಿ ಬಂದು ವಾಲ್ವಿಗೆ ಅರಿಸಿನ ಕುಂಕುಮ ಹಚ್ಚಿ, ಒಂದು ಚೆಂಡುಹೂ ಇಟ್ಟು ಕೈಮುಗಿಯಿತು. ಭಾವ ಅದನ್ನು ನೋಡಿ ಏನೋ ಹೇಳಲು ಹೋಗಿ ಸುಮ್ಮನಾದರು. ವಾಲ್ವಿಗೆ ಕೈಮುಗಿಯುವ ಇನ್ನೊಂದು ಜೀವವನ್ನು ಅವರು ತಮ್ಮ ಜನ್ಮದಲ್ಲಿ ಕಂಡಿರಲಿಲ್ಲವಲ್ಲ!

ಆಮೇಲೆ ಜಗಲಿಯ ಮೇಲೆ ಕೂತು, "ಬೀಗ್ತಿ, ಈಗ ತನ್ನಿ ನೀರ್‌ನ" ಎಂದರು. ದೊಡ್ಡ ಚೊಂಬು ಬಂತು. ಬೆಲ್ಲ ಕಚ್ಚಿ, ಗಟಗಟನೆ ಪೂರ್ತಿ ಕುಡಿದು, ಚೊಂಬು ಬೋರಲು ಮಾಡಿ ತೋರಿಸಿದರು. "ಇನ್ನೊಂದ್ ತನ್ನಿ" ಎಂದರು. ಅದನ್ನೂ ಕುಡಿದರು. ಕುಮಾರನ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ತಿರುಗಿ ಬರುವಾಗ ಭಾವನಿಗಾಗಿ ಬಸ್ಸನ್ನು ದಾರಿಯಲ್ಲಿ ಎರಡು ಕಡೆ ನಿಲ್ಲಿಸಬೇಕಾಯಿತು ಎಂಬುದು ಬೇರೆ ಮಾತು.

ಮದುವೆ ಚೆನ್ನಾಗಿಯೇ ನಡೆಯಿತು. ಸೋದರಮಾವನಾಗಿ ನಾನು ಭಾಗ್ಯಳ ಕೈ ಹಿಡಿದು ಹಸೆಗೆ ಕರೆತರುವಾಗ ಹೆಣ್ಣಿನ ಅಪ್ಪ ಎಲ್ಲಿ ಎಂದು ಎಲ್ಲರೂ ಹುಡುಕಿದರು. ಎಲ್ಲಿರುತ್ತಾರೆ? ಛತ್ರದ ನೀರಿನ ತೊಟ್ಟಿಯ ಹತ್ತಿರ! ಪುರೋಹಿತರು ಎರಡು ಸಲ ಹೇಳಿಕಳಿಸಿದ ಮೇಲೆ ರೇಷ್ಮೆ ಪಂಚೆಗೆ ಗ್ರೀಸ್ ಒರೆಸಿಕೊಂಡು ಬಂದರು. ಧಾರೆ ಎರೆಯುವಾಗ ನೀರು ಮುಂದಕ್ಕೇ ಹರಿಯಿತು ಎಂದು ಅವರಿಗೆ ಸಮಾಧಾನವಾಗಿರಬೇಕು.

ಸಂಜೆ ಹೆಣ್ಣು ಕಳಿಸಿಕೊಡುವ ಹೊತ್ತು. ಗಾಡಿ ಮನೆಯ ಮುಂದೆ ನಿಂತಿತ್ತು. ಅಕ್ಕ ಮಡಿಲು ತುಂಬಿದಳು. ಬೀದಿಯ ಮುದುಕಿಯರೆಲ್ಲ ಭಾಗ್ಯಳನ್ನು ಸುತ್ತುವರಿದು, ಒಬ್ಬರಾದ ಮೇಲೊಬ್ಬರು ಬುದ್ಧಿ ಹೇಳತೊಡಗಿದರು. "ಓದ ಅಟ್ಟೀನೇ ನಿನ್ ಅಟ್ಟಿ ಕಣವ್ವ." "ಏನೇ ಬಂದ್ರೂ ಅಲ್ಲೇ ನುಂಗ್ಕಂಡು ಬಾಳು." "ಅತ್ಕಂಡು ತವರಿಗೆ ಮಾತ್ರ ಇಂದಕ್ ಬರ್ಬ್ಯಾಡ, ತಿಳೀತಾ?" ಭಾಗ್ಯ ತಲೆ ತಗ್ಗಿಸಿ ಎಲ್ಲದಕ್ಕೂ ಹೂಂಗುಟ್ಟುತ್ತಿದ್ದಳು.

ಭಾವ ಅಷ್ಟು ಹೊತ್ತೂ ಕಂಬಕ್ಕೆ ಒರಗಿ ನಿಂತಿದ್ದವರು, ಮುದುಕಿಯರನ್ನು ಪಕ್ಕಕ್ಕೆ ಸರಿಸಿಕೊಂಡು ಮಗಳ ಹತ್ತಿರ ಬಂದರು. ಇವರೂ ಅದನ್ನೇ ಹೇಳುತ್ತಾರೆ, ಹಿಂದಕ್ಕೆ ಬರಬಾರದು ಅನ್ನುವುದೇ ಅಲ್ಲವೇ ಇವರ ಬಾಳಿನ ಮಂತ್ರ ಎಂದುಕೊಂಡೆ ನಾನು.

"ಭಾಗ್ಯಾ, ಇವ್ರ್ ಮಾತ್ನ ಕೇಳ್ಬ್ಯಾಡ" ಎಂದರು. "ನಾನು ಎಲ್ಲಾ ಕಡ್ಗೂ ವಾಲ್ವ್ ಆಕಿವ್ನಿ ಕಣವ್ವ. ನಮ್ಮಟ್ಟಿ ಬಾಗ್ಲಿಗೆ ಮಾತ್ರ ಆಕಿಲ್ಲ. ಅವ್ರು ಚೆನ್ನಾಗ್ ನೋಡ್ಕತಾರೆ, ನಂಗೊತ್ತು. ಆದ್ರೂ ಬೇಜಾರಾದ್ರೆ ಬಾ. ಜಗಳ ಆಡ್ಕಂಡ್ರೂ ಬಾ. ಏನೂ ಇಲ್ದಿದ್ರೂ ಸುಮ್ಕೆ ಬಾ. ಯಾಕ್ ಬಂದೆ ಅಂತ ಕ್ಯೋಳಾಕಿಲ್ಲ."

ಕುಮಾರ ತಲೆ ತಗ್ಗಿಸಿದ. ನಾನು ನೆಂಟರ ಚಪ್ಪಲಿ ಜೋಡಿಸುವವನಂತೆ ಬಗ್ಗಿ ನಿಂತು ಅತ್ತೆ. ಹೌದು, ಅತ್ತೆ, ಅದರಲ್ಲಿ ನಾಚಿಕೆಯೇನು!

ಗಾಡಿ ಹೊರಟಿತು. ಬೀದಿಯ ತುದಿ ತಲುಪಿತು. ಅಲ್ಲಿ ಗಕ್ಕನೆ ನಿಂತಿತು. ಬಾಗಿಲು ತೆರೆದು ಭಾಗ್ಯ ಇಳಿದಳು. ಹೊಸ ಸೀರೆಯ ನೆರಿಗೆಯನ್ನು ಎರಡು ಕೈಯಲ್ಲೂ ಎತ್ತಿ ಹಿಡಿದು, ಮಡಿಲ ಅಕ್ಕಿ ಬೀದಿಯುದ್ದಕ್ಕೂ ಚೆಲ್ಲುತ್ತಾ, ಹಿಂದಕ್ಕೆ ಓಡಿಬಂದಳು. ಭಾವ ಎರಡು ಕೈಯನ್ನೂ ಅಗಲಿಸಿ ನಿಂತಿದ್ದರು.